ಕ್ಯಾನ್ಸರ್ ಚಿಕಿತ್ಸೆಯ ವೇಳೆ ಹೃದಯದ ಮೇಲೂ ಕಣ್ಣಿರಲಿ



ಕ್ಯಾನ್ಸರ್ ಎಂಬ ಮಾತು ಮನೆಯೊಳಗೆ ಬಂದ ದಿನದಿಂದ ಆ ಮನೆಯವರಿಗೆ ಬೇರೆ ಯಾವ ಕಾಯಿಲೆಯೂ ನೆನಪಿಗೆ ಬರುವುದಿಲ್ಲ. ಅದುವರೆಗೆ ತಪ್ಪದೆ ನುಂಗುತ್ತಿದ್ದ ಬಿ.ಪಿ. ಮಾತ್ರೆ ಕಪಾಟಿನ ಮೂಲೆಗೆ ಸರಿಯುತ್ತದೆ, ಸಕ್ಕರೆ ಕಾಯಿಲೆಯ ತಪಾಸಣೆ ಮುಂದಕ್ಕೆ ಹೋಗುತ್ತದೆ. ‘ಮೊದಲು ಇದು ವಾಸಿಯಾಗಲಿ, ಉಳಿದದ್ದು ಆಮೇಲೆ ನೋಡೋಣ’ ಎಂಬ ಮಾತನ್ನು ರೋಗಿಗಳ ಭೇಟಿಗೆ ಹೋಗುವ ನಮ್ಮ ಧರ್ಮಭಗಿನಿಯರು, ವಾಳೆಯ ಗುರಿಕಾರರು ಎಷ್ಟೋ ಸಲ ಕೇಳಿರುತ್ತಾರೆ. ಈ ‘ಆಮೇಲೆ’ಯೇ ಅಪಾಯಕಾರಿ. ಕ್ಯಾನ್ಸರನ್ನು ಸೋಲಿಸುವ ಕೆಲವು ಔಷಧಿಗಳು ಹೃದಯವನ್ನೂ ಬಳಲಿಸುತ್ತವೆ. ಹಾಗಾಗಿರುವುದು ಬೇಗ ಗೊತ್ತಾದರೆ ಬಹುಪಾಲು ಸರಿಪಡಿಸಬಹುದು, ತಡವಾಗಿ ಗೊತ್ತಾದರೆ ಅದು ಬಹಳ ಕಷ್ಟ.

ಕರಾವಳಿಯ ಪತ್ರಿಕೆಯಲ್ಲಿ ಬೆಂಗಳೂರು ಗ್ರಾಮಾಂತರದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ಹೊಸಕೋಟೆ ಮತ್ತು ನೆಲಮಂಗಲದ ಕಾರ್ಖಾನೆ, ಗೋದಾಮುಗಳಲ್ಲಿ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಊರುಗಳ ಮಕ್ಕಳು ದುಡಿಯುತ್ತಿದ್ದಾರೆ. ಅಪ್ಪನಿಗೋ ಅಮ್ಮನಿಗೋ ಕ್ಯಾನ್ಸರ್ ಎಂದಾಗ ಅನೇಕರು ಅವರನ್ನು ತಮ್ಮ ಬಾಡಿಗೆ ಮನೆಗೇ ಕರೆಸಿಕೊಂಡು ಬೆಂಗಳೂರಿನಲ್ಲಿ ಚಿಕಿತ್ಸೆ ಕೊಡಿಸುತ್ತಾರೆ. ಆ ತಾಲೂಕುಗಳ ಸ್ಥಳೀಯರ ಪರಿಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ದೊಡ್ಡ ಆಸ್ಪತ್ರೆ ಹತ್ತಿರವೇ ಇದ್ದಂತೆ ಕಂಡರೂ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ. ಕೀಮೋ ತೆಗೆದುಕೊಂಡ ಮೈಯಿಗೆ ಬಸ್ಸಿನಲ್ಲಿ ಅಷ್ಟು ದೂರ ಹೋಗಿಬರುವುದೆಂದರೆ ಒಂದು ದಿನದ ಕೆಲಸ.

ಬೆಂಗಳೂರಿನಲ್ಲಿ ಸರ್ಕಾರದ ಎರಡು ದೊಡ್ಡ ಸಂಸ್ಥೆಗಳು ಬಡವರ ಪಾಲಿಗೆ ಆಧಾರವಾಗಿವೆ. ಒಂದು, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ನಿಮ್ಹಾನ್ಸ್ ಪಕ್ಕದಲ್ಲಿರುವ ಈ ಸಂಸ್ಥೆಯು 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನೂ ನಡೆಸಿಕೊಂಡು ಬಂದಿದೆ. ಅಲ್ಲಿನ ಮಹಿಳೆಯರಲ್ಲಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್ ಎಂಬುದು ಆ ನೋಂದಣಿಯಿಂದ ತಿಳಿದ ಸಂಗತಿ. ಇನ್ನೊಂದು, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ. ಎರಡರ ನಡುವೆ ಕೆಲವೇ ಕಿಲೋಮೀಟರ್ ಅಂತರ. ಕೋರಮಂಗಲದ ಸಂತ ಜಾನರ ಆಸ್ಪತ್ರೆಯಲ್ಲಿ ಎರಡೂ ವಿಭಾಗಗಳು ಒಂದೇ ಆವರಣದಲ್ಲಿವೆ. ಆದರೆ ರೋಗಿಯ ಕೈಯಲ್ಲಿರುವ ಫೈಲುಗಳು ಸಾಮಾನ್ಯವಾಗಿ ಎರಡಾಗಿರುತ್ತವೆ. ಕ್ಯಾನ್ಸರ್ ವೈದ್ಯರ ಬಳಿಗೆ ಹೋಗುವಾಗ ಹೃದಯದ ಫೈಲು ಮನೆಯಲ್ಲಿ, ಹೃದಯದ ವೈದ್ಯರ ಬಳಿಗೆ ಹೋಗುವಾಗ ಕ್ಯಾನ್ಸರ್ ಫೈಲು ಮನೆಯಲ್ಲಿ! ಈ ಲೇಖನದಿಂದ ಓದುಗರು ಒಂದೇ ಒಂದು ಕೆಲಸ ಮಾಡುವುದಾದರೆ ಆ ಎರಡು ಫೈಲುಗಳನ್ನು ಒಂದು ಮಾಡಲಿ ಎಂದು ನಾವು ಕೇಳಿಕೊಳ್ಳುತ್ತೇವೆ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವ ಮನೆ. ಮನೆಯೊಡತಿಗೆ 52 ವರ್ಷ, ಮೊದಲೇ ಬಿ.ಪಿ. ಇದೆ. ಎಡ ಸ್ತನದಲ್ಲಿ ಗಂಟು ಕಾಣಿಸಿ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವೂ ಆಗುತ್ತವೆ. ಕೀಮೋ ಮುಗಿದು ಮೂರ್ನಾಲ್ಕು ತಿಂಗಳಾದರೂ ಆಕೆಗೆ ಮಗ್ಗದ ಕೋಣೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು. ರಾತ್ರಿ ಮಲಗಿದರೆ ಕೆಮ್ಮು, ಇನ್ನೊಂದು ದಿಂಬು ಇಟ್ಟುಕೊಂಡರೆ ಸ್ವಲ್ಪ ಆರಾಮ. ಪಕ್ಕದ ಮನೆಯವರು ಬಂದು, “ಕೀಮೋ ಅಂದ್ಮೇಲೆ ಸುಸ್ತು ಇದ್ದೇ ಇರುತ್ತೆ ಬಿಡಿ ಅಕ್ಕಾ, ಚೆನ್ನಾಗಿ ಊಟ ಮಾಡಿ” ಎನ್ನುತ್ತಾರೆ. ಹೇಳುವವರಲ್ಲಿ ಪ್ರೀತಿಯಿದೆ, ಮಾತು ಮಾತ್ರ ಸರಿಯಿಲ್ಲ. ಕೀಮೋ ಸುಸ್ತು ದಿನ ಕಳೆದಂತೆ ಇಳಿಯಬೇಕು. ಇಳಿಯದೆ ಏರುತ್ತಾ ಹೋದರೆ, ಅದರಲ್ಲೂ ಮಲಗಿದಾಗ ಉಸಿರು ಕಟ್ಟಿದರೆ, ಹೃದಯವನ್ನು ಪರೀಕ್ಷಿಸಲೇಬೇಕು.

ಆಕೆಯ ದೇಹದೊಳಗೆ ನಡೆದಿರಬಹುದಾದದ್ದೇನು? ಸ್ತನ ಕ್ಯಾನ್ಸರ್, ಲಿಂಫೋಮಾ, ಮಕ್ಕಳ ರಕ್ತ ಕ್ಯಾನ್ಸರ್ ಮುಂತಾದವುಗಳಿಗೆ ಡಾಕ್ಸೋರುಬಿಸಿನ್ ಮತ್ತು ಅದೇ ಗುಂಪಿನ ಔಷಧಿಗಳನ್ನು ಕೊಡುತ್ತಾರೆ. ಬಣ್ಣ ಕೆಂಪಾದ್ದರಿಂದ ರೋಗಿಗಳು ಅದನ್ನು ‘ಕೆಂಪು ಔಷಧಿ’ ಎಂದೇ ಕರೆಯುವುದುಂಟು. ಬಹಳ ಪರಿಣಾಮಕಾರಿ, ಎಷ್ಟೋ ಪ್ರಾಣಗಳನ್ನು ಉಳಿಸಿದ ಔಷಧಿ. ಆದರೆ ಇದು ಹೃದಯದ ಸ್ನಾಯುವಿನ ಜೀವಕೋಶಗಳಿಗೂ ಹಾನಿ ಮಾಡಬಲ್ಲದು, ಆ ಹಾನಿ ಪ್ರತಿ ಸರದಿಯೊಂದಿಗೆ ಕೂಡುತ್ತಾ ಹೋಗುತ್ತದೆ. ಆದ್ದರಿಂದಲೇ ವೈದ್ಯರು ಜೀವಮಾನದ ಒಟ್ಟು ಪ್ರಮಾಣದ ಲೆಕ್ಕ ಇಡುತ್ತಾರೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ತಲುಪಿದಾಗ ನೂರರಲ್ಲಿ ಸುಮಾರು 5 ಮಂದಿಗೆ ಹೃದಯ ವೈಫಲ್ಯ ಕಂಡುಬಂದರೆ, 550ಕ್ಕೆ ಅದು 26 ಆಗುತ್ತದೆ ಎಂದು 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತಿಳಿಸಿತ್ತು. ಸ್ತನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ನಾಲ್ಕು ಸರದಿಗಳಲ್ಲಿ ಒಟ್ಟು 240 ಮಾತ್ರ ಆಗುತ್ತದೆ. ಆದುದರಿಂದ ಇದನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಆದರೆ ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ಮೊದಲೇ ಇದ್ದ ಹೃದ್ರೋಗ, ಎಡ ಎದೆಗೆ ವಿಕಿರಣ ಇವು ಸೇರಿಕೊಂಡಾಗ ಕಡಿಮೆ ಪ್ರಮಾಣದಲ್ಲಿಯೂ ತೊಂದರೆ ಬರಬಹುದು.

ಹೃದಯದ ಬಲವನ್ನು ಅಳೆಯುವುದು ಎಕೋ ಪರೀಕ್ಷೆ. ನೋವಿಲ್ಲ, ಚುಚ್ಚುವುದಿಲ್ಲ, ಎದೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡುತ್ತಾರೆ. ವರದಿಯಲ್ಲಿ ‘ಇ.ಎಫ್.’ ಎಂಬ ಒಂದು ಅಂಕಿ ಇರುತ್ತದೆ. ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬುದೇ ಅದು. ಸುಮಾರು 55ರಿಂದ 70ರವರೆಗೆ ಇದ್ದರೆ ಒಳ್ಳೆಯದು. ಕೊಳವೆಬಾವಿಯ ಮೋಟಾರನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು: ಮೋಟಾರು ಓಡುತ್ತಿದೆ, ಸದ್ದೂ ಬರುತ್ತಿದೆ, ಆದರೆ ಪೈಪಿನಲ್ಲಿ ಬರುವ ನೀರು ದಿನದಿಂದ ದಿನಕ್ಕೆ ಕಡಿಮೆ. ತೋಟ ಒಣಗಿದ ಮೇಲೆ ನೋಡುವುದಕ್ಕಿಂತ ನೀರಿನ ಧಾರೆ ಸಣ್ಣದಾಗುವಾಗಲೇ ಗಮನಿಸಿದರೆ ರಿಪೇರಿ ಸಾಧ್ಯ. ಮೊದಲಿನ ಅಂಕಿಗಿಂತ 10 ಅಥವಾ ಅದಕ್ಕೂ ಹೆಚ್ಚು ಇಳಿದು 50ರ ಕೆಳಗೆ ಬಂದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಮೊದಲಿನ ಅಂಕಿಯೇ ಗೊತ್ತಿಲ್ಲದಿದ್ದರೆ ಇಳಿದದ್ದು ತಿಳಿಯುವುದು ಹೇಗೆ? ಆದ್ದರಿಂದ ಇಂಥ ಕೀಮೋ ಆರಂಭಿಸುವ ಮೊದಲೇ ಒಂದು ಎಕೋ ಆಗಿರಬೇಕು. ಆಗಿದೆಯೇ ಎಂದು ವೈದ್ಯರನ್ನು ಕೇಳುವುದು ಅವಿಧೇಯತೆಯಲ್ಲ.

ಬೇಗ ಎಂದರೆ ಎಷ್ಟು ಬೇಗ? ಇಟಲಿಯ ಮಿಲಾನ್ ನಗರದ ವೈದ್ಯರು ಈ ಕೆಂಪು ಔಷಧಿಯ ಗುಂಪಿನ ಚಿಕಿತ್ಸೆ ಪಡೆದ 2,625 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರರಲ್ಲಿ 9 ಮಂದಿಯ ಹೃದಯಕ್ಕೆ ತೊಂದರೆಯಾಗಿತ್ತು, ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದು ಕಾಣಿಸಿದ್ದು ಮೊದಲ ವರ್ಷದೊಳಗೆ. ಕೂಡಲೇ ಹೃದಯದ ಮಾತ್ರೆ ಆರಂಭಿಸಿದ್ದರಿಂದ ಅವರಲ್ಲಿ ನೂರಕ್ಕೆ 82 ಮಂದಿ ಚೇತರಿಸಿಕೊಂಡರು. ಹೆಚ್ಚಿನವರು ಭಾಗಶಃ, ಕೆಲವರು ಪೂರ್ತಿಯಾಗಿ. ಇದೇ ವೈದ್ಯರ 2010ರ ಅಧ್ಯಯನದಲ್ಲಿ, ಕೀಮೋ ಮುಗಿದು ಆರು ತಿಂಗಳು ಕಳೆದ ಮೇಲೆ ಹೃದಯದ ಚಿಕಿತ್ಸೆ ಆರಂಭಿಸಿದವರಲ್ಲಿ ಒಬ್ಬರೂ ಪೂರ್ಣ ಚೇತರಿಸಿರಲಿಲ್ಲ. ನಮ್ಮ ಊಹೆಯ ಆ ತಾಯಿ ‘ಸುಸ್ತು ಇದ್ದೇ ಇರುತ್ತೆ’ ಎಂದು ಸುಮ್ಮನೆ ಕುಳಿತು ಕಳೆದುಕೊಳ್ಳುವುದು ಇದೇ ಆರು ತಿಂಗಳನ್ನು.

ಇನ್ನು ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್. ಹರ್-2 ಎಂಬ ಗುಣವಿರುವ ಸ್ತನ ಕ್ಯಾನ್ಸರಿಗೆ ಮೂರು ವಾರಗಳಿಗೊಮ್ಮೆ, ಸಾಮಾನ್ಯವಾಗಿ ಒಂದು ವರ್ಷದವರೆಗೆ ಕೊಡುತ್ತಾರೆ. ಹಿಂದೆ ಬಡವರ ಕೈಗೆ ಎಟುಕದ ಔಷಧಿ ಇದು. ಬೆಂಗಳೂರಿನದೇ ಆದ ಬಯೋಕಾನ್ ಕಂಪೆನಿ 2014ರಲ್ಲಿ ಇದಕ್ಕೆ ಸಮನಾದ ಔಷಧಿಯನ್ನು ಮಾರುಕಟ್ಟೆಗೆ ತಂದಿತು, ನಂತರ ಬೇರೆ ಕಂಪೆನಿಗಳೂ ಬಂದವು. ಇದು ಹೃದಯಕ್ಕೆ ಮಾಡುವ ತೊಂದರೆ ಕೆಂಪು ಔಷಧಿಯಂಥದ್ದಲ್ಲ. ಬಹುತೇಕ ಸಂದರ್ಭಗಳಲ್ಲಿ ಇಂಜೆಕ್ಷನನ್ನು ಕೆಲಕಾಲ ನಿಲ್ಲಿಸಿ ಮಾತ್ರೆ ಕೊಟ್ಟರೆ ಹೃದಯ ಮತ್ತೆ ಸುಧಾರಿಸುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಬೇಕು. ಇಂಜೆಕ್ಷನಿಗೆ ತಪ್ಪದೆ ಹೋಗುವವರು ‘ಇವತ್ತು ಬೇಡ, ತಡವಾಯಿತು, ಬಸ್ಸು ಹೋಗಿಬಿಡುತ್ತದೆ’ ಎಂದು ಎಕೋ ಬಿಟ್ಟು ಬರುವುದುಂಟು. ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿಕೊಡುವಂತೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಎದೆಗೆ ಕೊಡುವ ವಿಕಿರಣದ ಪರಿಣಾಮ ನಿಧಾನ. ಸ್ವೀಡನ್ ಮತ್ತು ಡೆನ್ಮಾರ್ಕಿನ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೃದಯಕ್ಕೆ ತಗಲುವ ವಿಕಿರಣ ಹೆಚ್ಚಿದಷ್ಟೂ ಹೃದಯಾಘಾತದಂಥ ತೊಂದರೆಯ ಸಂಭವ ಹೆಚ್ಚುತ್ತದೆ, ಅದು ಐದು ವರ್ಷಗಳೊಳಗೆ ಆರಂಭವಾಗಿ 20 ವರ್ಷಗಳ ನಂತರವೂ ಮುಂದುವರಿಯುತ್ತದೆ. ಈಗಿನ ಯಂತ್ರಗಳಲ್ಲಿ ಹೃದಯವನ್ನು ಬಹಳ ಮಟ್ಟಿಗೆ ತಪ್ಪಿಸಬಹುದು. ಎಡ ಸ್ತನದ ಚಿಕಿತ್ಸೆಯಲ್ಲಿ ದೀರ್ಘವಾಗಿ ಉಸಿರೆಳೆದು ಹಿಡಿದುಕೊಳ್ಳಲು ಹೇಳುವುದು ಇದಕ್ಕಾಗಿಯೇ: ಶ್ವಾಸಕೋಶ ಉಬ್ಬಿದಾಗ ಹೃದಯವು ಎದೆಗೂಡಿನಿಂದ ದೂರ ಸರಿಯುತ್ತದೆ.

ಕರುಳು, ಜಠರ, ಸ್ತನದ ಕ್ಯಾನ್ಸರಿಗೆ ಮನೆಯಲ್ಲೇ ನುಂಗಲು ಕೊಡುವ ಕೆಪೆಸಿಟಬಿನ್ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಕೆಲವರಲ್ಲಿ ಇದು ಹೃದಯದ ರಕ್ತನಾಳವನ್ನು ಹಿಂಡಿದಂತೆ ಮಾಡಿ ಎದೆನೋವು ತರುತ್ತದೆ, ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ. ‘ಗ್ಯಾಸ್ಟ್ರಿಕ್’ ಎಂದುಕೊಂಡು ಸೋಡಾ ಕುಡಿದು ಕಾಯಬಾರದು. ಮುಂದಿನ ಮಾತ್ರೆ ನುಂಗದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು, ಮತ್ತೆ ಆ ಮಾತ್ರೆ ಬೇಕೇ ಬೇಡವೇ ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಇದಕ್ಕಾಗಿ ಬೆಂಗಳೂರಿನವರೆಗೆ ಓಡಬೇಕಿಲ್ಲ. ನಟ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳೊಂದಿಗೆ ಜೋಡಿಸುವ ವ್ಯವಸ್ಥೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ಬಾಯಿಂದ ಬರಬೇಕಾದ ಮೊದಲ ಮಾತು, ‘ಇವರು ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ಇಗೋ ಚೀಟಿ’ ಎಂಬುದು.

ಹೊಸದಾಗಿ ಬಂದಿರುವ ಇಮ್ಯುನೊಥೆರಪಿಯಿಂದ ಹೃದಯದ ಸ್ನಾಯುವಿಗೆ ಉರಿಯೂತ ಬರುವುದು ಅಪರೂಪ, ಆದರೆ ಬಂದರೆ ಪ್ರಾಣಾಪಾಯ. ಆ ಚಿಕಿತ್ಸೆ ಪಡೆಯುವವರು ಉಬ್ಬಸ, ಎದೆಬಡಿತದ ಏರುಪೇರು, ಕಣ್ಣಿನ ರೆಪ್ಪೆ ಜೋಲುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು.

ಈಗ ಮನೆಯಲ್ಲಿ ಮಾಡಬಹುದಾದದ್ದು. ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಊಟದಿಂದ ಬಂದ ತೂಕವಲ್ಲ, ದೇಹದಲ್ಲಿ ನಿಂತ ನೀರು. ಎರಡೂ ಕಾಲು ಊದಿದರೆ ಹೃದಯದ ಕಡೆ ಗಮನ ಕೊಡಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ಕ್ಯಾನ್ಸರ್ ರೋಗಿಗಳಲ್ಲಿ ಇದು ಸಾಮಾನ್ಯ, ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಲೇಬಾರದು. ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಬಿ.ಪಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ವಾಂತಿ ಭೇದಿಯಾಗಿ ಬಿ.ಪಿ. ಇಳಿದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳೆಸಿ, ವೈದ್ಯರು ಹೇಳಿದಂತೆ ಮಾಡಬೇಕು. ಕೆಲವು ಕೀಮೋಗಳಿಗೆ ‘ಚೆನ್ನಾಗಿ ನೀರು ಕುಡಿಯಿರಿ’ ಎನ್ನುತ್ತಾರೆ, ಹೃದಯ ದುರ್ಬಲವಾದವರಿಗೆ ‘ನೀರು ಅಳತೆಯಲ್ಲಿ ಕುಡಿಯಿರಿ’ ಎನ್ನುತ್ತಾರೆ. ಎರಡೂ ನಿಜ. ನಮಗೆ ಯಾವುದು ಎಂದು ಕೇಳಿಯೇ ತಿಳಿಯಬೇಕು.

ಉಪ್ಪಿನ ವಿಷಯದಲ್ಲಿ ಬಯಲುಸೀಮೆಯವರಿಗೆ ಉಪ್ಪಿನಕಾಯಿ, ಹಪ್ಪಳ. ನಮ್ಮವರಿಗೆ ಊರಿನಿಂದ ಕಟ್ಟಿ ಕಳಿಸುವ ಒಣಮೀನು! ಬಾಯಿ ರುಚಿ ಕೆಟ್ಟವರಿಗೆ ಅದೊಂದೇ ರುಚಿಸುತ್ತದೆ ಎಂಬುದು ನಮಗೂ ಗೊತ್ತು. ಹೃದಯದ ತೊಂದರೆ ಇದ್ದವರಿಗೆ ಮಾತ್ರ ಬೇಡ. ಗಂಟಲಿಗೆಂದು ಅತಿಮಧುರದ ಕಷಾಯವನ್ನು ದಿನವೂ ಕುಡಿದರೆ ಬಿ.ಪಿ. ಏರಿ ಪೊಟ್ಯಾಸಿಯಂ ಇಳಿಯುತ್ತದೆ, ಅದು ಹೃದಯದ ಬಡಿತವನ್ನು ಕೆಡಿಸಬಹುದು.

ದೇವನಹಳ್ಳಿಯವರಿಗೆ ಇನ್ನೊಂದು ಮಾತು ಹೇಳಲೇಬೇಕು, ಅವರು ಬೇಸರಿಸಬಾರದು. ಆ ಊರಿನ ಚಕ್ಕೋತ ಹಣ್ಣು ಪ್ರಸಿದ್ಧ, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದಿದೆ. ಆರೋಗ್ಯವಂತರಿಗೆ ಒಳ್ಳೆಯ ಹಣ್ಣು. ಆದರೆ ವಿದೇಶದ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಎರಡರಲ್ಲಿಯೂ ಕೆಲವು ಔಷಧಿಗಳನ್ನು ಕರಗಿಸುವ ದೇಹದ ವ್ಯವಸ್ಥೆಗೆ ಅಡ್ಡಬರುವ ಅಂಶಗಳಿವೆ. ಆಗ ಔಷಧಿ ರಕ್ತದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸೇರಿಕೊಳ್ಳುತ್ತದೆ. ರಕ್ತ ಕ್ಯಾನ್ಸರಿಗೆ ಕೊಡುವ ನಿಲೋಟಿನಿಬ್ ಹೃದಯ ಬಡಿತದ ಲಯವನ್ನೇ ಕೆಡಿಸಬಲ್ಲ ಔಷಧಿಯಾದ್ದರಿಂದ ಅದರೊಂದಿಗೆ ಗ್ರೇಪ್‌ಫ್ರೂಟ್ ಬೇಡವೆಂದು ಕಂಪೆನಿಯೇ ಹೇಳಿದೆ. ಎಲ್ಲ ಔಷಧಿಗಳಿಗೂ ಈ ನಿಯಮವಿಲ್ಲ. ದಿನವೂ ಮಾತ್ರೆ ನುಂಗುವವರು ಹಣ್ಣಿನ ಹೆಸರು ಹೇಳಿ ವೈದ್ಯರನ್ನು ಒಂದು ಮಾತು ಕೇಳಿದರೆ ಸಾಕು.

ನಡಿಗೆ ಒಳ್ಳೆಯ ಔಷಧಿ. ವೈದ್ಯರು ಬೇಡ ಎನ್ನದಿದ್ದರೆ ದಿನಕ್ಕೆ 10 ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬಹುದು. ಬೀಡಿ, ಗುಟ್ಕಾದ ಬಗ್ಗೆ ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ.

ತಪಸ್ಸು ಕಾಲದಲ್ಲಿ ಕೆಲವು ಹಿರಿಯರು ಉಪವಾಸವೆಂದು ಮಾತ್ರೆಯನ್ನೂ ಬಿಡುತ್ತಾರೆ. ಉಪವಾಸದ ನಿಯಮ ರೋಗಿಗಳ ಮೇಲಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯಲ್ಲಿಯೂ ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ ಎಂಬುದನ್ನು ಭೇಟಿಗೆ ಹೋದವರು ಸ್ಪಷ್ಟವಾಗಿ ತಿಳಿಸಿದರೆ ಉಪಕಾರವಾದೀತು.

ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡುವುದು ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದ ಹೆಣ್ಣುಮಕ್ಕಳ ವಿಚಾರ. ಮಕ್ಕಳ ರಕ್ತ ಕ್ಯಾನ್ಸರಿನಲ್ಲಿ ಈಗ ಗುಣವಾಗುವವರೇ ಹೆಚ್ಚು. ಅವರಲ್ಲಿ ಅನೇಕರು ಕೆಂಪು ಔಷಧಿಯ ಗುಂಪನ್ನು ಪಡೆದವರು. ಹುಡುಗಿಗೆ 24, 25 ಆದಾಗ ಸಂಬಂಧ ನೋಡಲು ಆರಂಭಿಸುತ್ತಾರೆ, ಕ್ಯಾನ್ಸರ್ ಇತ್ತೆಂದರೆ ಮದುವೆಯಾಗದು ಎಂಬ ಭಯದಿಂದ ಹಳೆಯ ಫೈಲನ್ನು ಅಟ್ಟಕ್ಕೆ ಹಾಕುತ್ತಾರೆ, ಕೆಲವೊಮ್ಮೆ ಸುಟ್ಟೇಬಿಡುತ್ತಾರೆ. ಗರ್ಭಿಣಿಯಾದಾಗ ಹೃದಯ ಎಂದಿಗಿಂತ ಹೆಚ್ಚು ರಕ್ತವನ್ನು ತಳ್ಳಬೇಕು. ಬಾಲ್ಯದಲ್ಲಿ ಬಲ ಕಳೆದುಕೊಂಡ ಹೃದಯ ಅಲ್ಲಿಯವರೆಗೆ ಏನೂ ತೋರಿಸದೆ ಇದ್ದು ಆಗ ಸೋಲಬಹುದು. ಹೆರಿಗೆ ಮಾಡಿಸುವ ವೈದ್ಯರಿಗೆ ಹಳೆಯ ಸಂಗತಿ ಗೊತ್ತೇ ಇರುವುದಿಲ್ಲ. ಗೊತ್ತಿದ್ದರೆ ಗರ್ಭಧಾರಣೆಗೆ ಮೊದಲು ಒಂದು ಎಕೋ, ಗರ್ಭಿಣಿಯಾದ ಮೇಲೆ ಮತ್ತೊಂದು ಮಾಡಿಸಿ ಸುರಕ್ಷಿತವಾಗಿ ಮುಂದುವರಿಸುವುದು ಸಾಧ್ಯ. ಹೃದಯ ಚೆನ್ನಾಗಿರುವ ಎಷ್ಟೋ ಹೆಣ್ಣುಮಕ್ಕಳು ತಾಯಂದಿರಾಗುತ್ತಾರೆ. ವಿವಾಹ ಪೂರ್ವ ಶಿಬಿರಗಳನ್ನು ನಡೆಸುವವರು ಈ ಒಂದು ವಿಷಯವನ್ನು ಹೆಸರೆತ್ತದೆ, ಯಾರನ್ನೂ ನೋಯಿಸದೆ ಪ್ರಸ್ತಾಪಿಸಬಹುದಲ್ಲವೇ? ಗಂಡನ ಮನೆಯವರಿಗೆ ಹೇಳುವುದು ಬಿಡುವುದು ಆ ಕುಟುಂಬದ ಮಾತು. ವೈದ್ಯರಿಗೆ ಮಾತ್ರ ಹೇಳಲೇಬೇಕು.

ಮೇಲೆ ಹೇಳಿದ ಫೈಲಿನಲ್ಲಿ ಇರಬೇಕಾದದ್ದು: ಯಾವ ಕೀಮೋ, ಒಟ್ಟು ಎಷ್ಟು ಪ್ರಮಾಣ, ವಿಕಿರಣ ಯಾವ ಭಾಗಕ್ಕೆ, ಎಲ್ಲ ಎಕೋ ಮತ್ತು ಇ.ಸಿ.ಜಿ. ವರದಿಗಳು ದಿನಾಂಕದ ಕ್ರಮದಲ್ಲಿ. ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಮಗನ ಮೊಬೈಲಿನಲ್ಲಿ ಫೋಟೋ ಇದ್ದರೂ ಸರಿ, ಆದರೆ ಮಗ ಪಾಳಿಯಲ್ಲಿದ್ದಾಗ ಮನೆಯಲ್ಲಿ ಕಾಗದವೂ ಇರಲಿ.

ಖರ್ಚಿನ ಬಗ್ಗೆ: ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ, ಕ್ಯಾನ್ಸರ್ ಮತ್ತು ಹೃದಯದ ಚಿಕಿತ್ಸೆಗಳು ಇದರಲ್ಲಿ ಸೇರಿವೆ. ಎಕೋ ಇದರಡಿ ಆಗುತ್ತದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿರಿ. ನೆಲಮಂಗಲ ಕಡೆಯಿಂದ ಜಯದೇವಕ್ಕೆ ಹೋಗುವವರಿಗೆ ಈಗ ದಾರಿ ಸುಲಭವಾಗಿದೆ. ಮಾದಾವರದವರೆಗಿನ ಮೆಟ್ರೋ 2024ರ ನವೆಂಬರಿನಲ್ಲಿ ಆರಂಭವಾಯಿತು, ಆರ್.ವಿ. ರಸ್ತೆಯಲ್ಲಿ ಇಳಿದು 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಹಿಡಿದರೆ ಜಯದೇವ ಆಸ್ಪತ್ರೆಯ ಹೆಸರಿನದೇ ನಿಲ್ದಾಣವಿದೆ. ಮಂಗಳೂರು, ಉಡುಪಿಯಿಂದ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಯ ಪ್ರಯಾಣದಲ್ಲಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಇದೆ. ಅದರ ನಮೂನೆಗೆ ಆಸ್ಪತ್ರೆಯ ಸಹಿ ಬೇಕು.

ಧರ್ಮಕೇಂದ್ರಗಳ ಆರೋಗ್ಯ ಆಯೋಗದವರು ಬಿ.ಪಿ. ಯಂತ್ರ ಮತ್ತು ತೂಕದ ಯಂತ್ರವನ್ನು ರೋಗಿಗಳ ಭೇಟಿಗೆ ಕೊಂಡೊಯ್ಯಬಹುದು. ಅಲ್ಲಿ ‘ಹೇಗಿದ್ದೀರಿ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರವೇ ಬರುತ್ತದೆ. ‘ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ? ಹೋದ ತಿಂಗಳು ಎಷ್ಟು ಇಟ್ಟುಕೊಳ್ಳುತ್ತಿದ್ದಿರಿ?’ ಎಂದು ಕೇಳಿ ನೋಡಿ. ಏರಿದ್ದರೆ ಅಂದೇ ಆಸ್ಪತ್ರೆಗೆ ಫೋನು ಮಾಡಿ. ಹೊರಡುವ ಮುಂಚೆ, ಕೆಂಪು ಔಷಧಿ ಮುಗಿದು ಹನ್ನೆರಡು ತಿಂಗಳಾಗುವ ದಿನ ಯಾವುದೆಂದು ಲೆಕ್ಕ ಹಾಕಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ‘ಎಕೋ’ ಎಂದು ಬರೆದು ಬನ್ನಿ. ಮೊದಲೇ ಹೃದಯದ ತೊಂದರೆ ಇದ್ದವರಿಗಾದರೆ ಮೂರನೆಯ ತಿಂಗಳಿಗೂ ಒಂದು ಗುರುತು ಹಾಕಿ.